ಸೂಟ್‌ಕೇಸಿನಲ್ಲಿ ಪಕ್ಕದ ಮನೆಯ ಪೊಟ್ಟಣ

ಈ ಸಲ ಪಾಠ, ಪರೀಕ್ಷೆ, ತಡವಾಗಿ ಬರುವ ಪಠ್ಯಪುಸ್ತಕ ಯಾವುದೂ ಬೇಡ. ಸೂಟ್‌ಕೇಸಿನ ವಿಷಯ ಬರೆಯೋಣ ಅಂತ ಕೂತಿದ್ದೇವೆ. ಶಾಲೆಯ ಮೇಷ್ಟ್ರುಗಳಿಗೂ ಸೂಟ್‌ಕೇಸಿಗೂ ಎಂತ ಸಂಬಂಧ ಅಂತ ನೀವು ಕೇಳಬಹುದು. ಕಾಸರಗೋಡಿನಲ್ಲಿ ಇದ್ದವರು ಕೇಳಲಿಕ್ಕಿಲ್ಲ. ನಮ್ಮಲ್ಲಿ ಹತ್ತನೆಯ ತರಗತಿಯ ಗುಂಪು ಫೋಟೋ ತೆಗೆದು ಹತ್ತು ವರ್ಷ ಕಳೆದ ಮೇಲೆ ನೋಡಿದರೆ ಹಿಂದಿನ ಸಾಲಿನಲ್ಲಿ ನಿಂತ ಹುಡುಗರಲ್ಲಿ ಕೆಲವರಾದರೂ ದುಬೈ, ಶಾರ್ಜಾ, ದೋಹಾ, ಮಸ್ಕತ್ ಅಂತ ಇರುತ್ತಾರೆ. ಮಂಜೇಶ್ವರದಿಂದ ಕುಂಬಳೆ, ಬದಿಯಡ್ಕದ ತನಕ ಯಾವ ಕನ್ನಡ ಶಾಲೆಯ ಶಿಕ್ಷಕರನ್ನು ಬೇಕಾದರೂ ಕೇಳಿ ನೋಡಿ.

ಕಳೆದ ಮೇ ತಿಂಗಳಲ್ಲಿ, ರಜೆಯ ಕಾಲದಲ್ಲಿ, ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಫೋನ್ ಮಾಡಿದ. "ಸರ್, ನಾಡಿದ್ದು ಹೊರಡುವುದು. ಒಮ್ಮೆ ಮನೆಗೆ ಬರ್ತೀರಾ? ಕಾಗದ ಎಲ್ಲ ಸರಿ ಉಂಟಾ ನೋಡಬೇಕಿತ್ತು" ಅಂದ. ಅಪ್ಪ ಅಡಿಕೆ ಮರ ಹತ್ತುವವರು, ಅಮ್ಮ ಬೀಡಿ ಕಟ್ಟುವವರು. ಹುಡುಗ ನಮ್ಮಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಐ.ಟಿ.ಐ.ಯಲ್ಲಿ ಎಲೆಕ್ಟ್ರಿಷಿಯನ್ ಕಲಿತವನು. ಶಾರ್ಜಾದಲ್ಲಿ ಕೆಲಸ ಆಗಿತ್ತು. ಆ ಮನೆಯಿಂದ ಮೊದಲ ಸಲ ಒಬ್ಬ ವಿಮಾನ ಹತ್ತುವುದು. ನಾವು ಮೂವರು ಹೋದೆವು, ನಮ್ಮ ಗಣಿತದ ಟೀಚರೂ ಸೇರಿ.

ಹೋಗಿ ನೋಡಿದರೆ ಚಾವಡಿಯಲ್ಲಿ ಚಾಪೆ ಹಾಸಿ, ಅದರ ಮೇಲೆ ಹೊಸ ನೀಲಿ ಸೂಟ್‌ಕೇಸು ಬಾಯಿ ತೆರೆದು ಮಲಗಿತ್ತು. ಸುತ್ತ ಅರ್ಧ ಊರು. ಹಲಸಿನ ಹಪ್ಪಳ ಒಂದು ಕಟ್ಟು, ನೇಂದ್ರ ಚಿಪ್ಸು, ಮಾವಿನ ಮಿಡಿ ಉಪ್ಪಿನಕಾಯಿ, ಎರಡು ಬಾಟಲಿ ತೆಂಗಿನೆಣ್ಣೆ, ಕಷಾಯದ ಪುಡಿ, ಐದು ಕಿಲೋ ಕುಚ್ಚಲಕ್ಕಿ, ಒಣ ಕೊಬ್ಬರಿ, ಒಂದು ದಪ್ಪ ಕಂಬಳಿ, ಒಂದು ಚಪ್ಪಲಿ, ಒಂದು ಶೂ. ಬಟ್ಟೆ ಎಲ್ಲಿ ಅಂತ ಕೇಳಿದರೆ, ಜಾಗ ಉಳಿದರೆ ಹಾಕುವುದು ಅಂತ ಉತ್ತರ ಬಂತು.

ನಗಬೇಡಿ. ಕಾಣದ ದೇಶಕ್ಕೆ ಮಗನನ್ನು ಕಳಿಸುವ ತಾಯಿ ಮಾಡುವುದು ಇದನ್ನೇ. ಆ ದೇಶ ಹೇಗೆ ಉಂಟು ಅಂತ ಆಕೆಗೆ ಗೊತ್ತಿಲ್ಲ, ತನ್ನ ಅಡುಗೆಮನೆ ಗೊತ್ತು. ಗೊತ್ತಿರುವುದನ್ನೇ ತುಂಬಿಸುತ್ತಾಳೆ.

ನಾವು ಚಿಕ್ಕವರಿದ್ದಾಗ ಇದು ತಿರುಗಾ ಇತ್ತು. ಹೋಗುವವರ ಪೆಟ್ಟಿಗೆ ನಮಗೆ ನೆನಪಿಲ್ಲ, ಬರುವವರ ಪೆಟ್ಟಿಗೆ ಮಾತ್ರ ನೆನಪು. ಎಂಬತ್ತರ ದಶಕದಲ್ಲಿ ಮುಂಬೈಯಲ್ಲಿ ಇಳಿದು, ಬಸ್ಸೋ ಕಾರೋ ಹತ್ತಿ ಬರುತ್ತಿದ್ದರು. ಟ್ಯಾಕ್ಸಿಯ ಮೇಲೆ ಹಗ್ಗ ಕಟ್ಟಿದ ರಟ್ಟಿನ ಪೆಟ್ಟಿಗೆ, ಅದರ ಮೇಲೆ ದಪ್ಪ ಅಕ್ಷರದಲ್ಲಿ ಇಂಗ್ಲಿಷಿನಲ್ಲಿ ಹೆಸರು. ಟೇಪ್ ರೆಕಾರ್ಡರ್, ಟಾಂಗ್ ಪುಡಿ, ನಿಡೋ ಹಾಲಿನ ಪುಡಿ, ಆಕ್ಸ್ ಎಣ್ಣೆ, ಪರಿಮಳದ ಸಾಬೂನು. ಪಕ್ಕದ ಮನೆಯ ಪೆಟ್ಟಿಗೆ ಬಿಚ್ಚುವಾಗ ಬರುವ ಆ ವಾಸನೆಗೆ ನಾವು ಶಾಲೆಗೆ ಹೋಗುವುದನ್ನು ತಪ್ಪಿಸಿದ್ದುಂಟು, ಈಗ ಹೇಳಿದರೆ ತಪ್ಪಿಲ್ಲ. ಅದಕ್ಕೂ ಮೊದಲಿನ ತಲೆಮಾರು, ಅರುವತ್ತು ಎಪ್ಪತ್ತರ ದಶಕದಲ್ಲಿ, ಮಲಬಾರಿನ ಕರಾವಳಿಯಿಂದ ಲಾಂಚಿನಲ್ಲಿ ಹೋದವರು. ಖೋರ್‌ಫಕ್ಕಾನಿನ ಹತ್ತಿರ ಕಡಲಲ್ಲಿ ಇಳಿಸಿದರೆ ಈಜಿ ದಡ ಸೇರಬೇಕಿತ್ತು ಅಂತ ಹಿರಿಯರು ಹೇಳುವುದು ಕೇಳಿದ್ದೇವೆ. ಅವರಿಗೆ ಸೂಟ್‌ಕೇಸೇ ಇರಲಿಲ್ಲ. 2006ರಲ್ಲಿ ಮಂಗಳೂರಿನಿಂದಲೇ ವಿದೇಶಕ್ಕೆ ವಿಮಾನ ಶುರುವಾಯಿತು. 2018ರ ಡಿಸೆಂಬರಿನಲ್ಲಿ ಕಣ್ಣೂರಿನ ನಿಲ್ದಾಣ ತೆರೆಯಿತು. ಈಗ ಬೆಳಿಗ್ಗೆ ಬಾಯಾರಿನಲ್ಲಿ ತಿಂಡಿ ತಿಂದವನು ಸಂಜೆಯ ಚಾ ದುಬೈಯಲ್ಲಿ ಕುಡಿಯಬಹುದು. ನಡುವೆ 2010ರ ಮೇ 22 ಕೂಡ ಉಂಟು. ದುಬೈಯಿಂದ ಬಂದ ವಿಮಾನ ಮಂಗಳೂರಿನಲ್ಲಿ ಬಿದ್ದು 158 ಮಂದಿ ಹೋದರು, ಅವರಲ್ಲಿ ನಮ್ಮ ಜಿಲ್ಲೆಯವರು ಬಹಳ ಮಂದಿ. ಆ ದಿನ ಊರಿನ ಕೆಲವು ಮನೆಗಳಿಗೆ ಬರಬೇಕಿದ್ದ ಪೆಟ್ಟಿಗೆಗಳು ಬರಲಿಲ್ಲ. ಅಷ್ಟೇ ಹೇಳುತ್ತೇವೆ.

ಸರಿ, ನೀಲಿ ಸೂಟ್‌ಕೇಸಿಗೆ ಬರೋಣ.

ಮೊದಲು ತೂಕ. ಟಿಕೆಟಿನಲ್ಲಿ ಎಷ್ಟು ಕಿಲೋ ಅಂತ ಬರೆದಿರುತ್ತದೆ. ಕೆಲವದರಲ್ಲಿ 20, ಕೆಲವದರಲ್ಲಿ 30, ಕೈಚೀಲ 7 ಕಿಲೋ. ಈ ಒಂದು ಸಾಲನ್ನು ಆ ಮನೆಯಲ್ಲಿ ಯಾರೂ ಓದಿರಲಿಲ್ಲ. ಹುಡುಗ ಕೂಡ. ಸೂಟ್‌ಕೇಸನ್ನು ರಿಕ್ಷಾದಲ್ಲಿ ಹಾಕಿ ಅಡಿಕೆ ವ್ಯಾಪಾರಿಯ ಅಂಗಡಿಗೆ ಕೊಂಡುಹೋಗಿ ತೂಗಿಸಿದರೆ 37 ಕಿಲೋ. ಅಂಗಡಿಯವರು ರಸೀದಿ ಬರೆಯಲಾ ಅಂತ ತಮಾಷೆ ಮಾಡಿದರು.

ಆಮೇಲೆ ಒಂದೊಂದೇ ತೆಗೆದೆವು. ಕುಚ್ಚಲಕ್ಕಿ ಬೇಡ, ಅಲ್ಲಿ ಮಲಯಾಳಿಗಳ ಅಂಗಡಿ ಇಲ್ಲದ ಬೀದಿ ಇಲ್ಲ, ಅಕ್ಕಿ ಬೇಕಾದಷ್ಟು ಸಿಗುತ್ತದೆ. ಕಂಬಳಿ ಬೇಡ, ಆದರೆ ಒಂದು ಸ್ವೆಟರು ಇರಲಿ ಅಂದೆವು. ಗಲ್ಫ್ ಅಂದರೆ ವರ್ಷವಿಡೀ ಬೆಂಕಿ ಅಂತ ನಮ್ಮವರ ಕಲ್ಪನೆ. ಜೂನಿನಿಂದ ಸೆಪ್ಟೆಂಬರ್ ತನಕ ಹೌದು, ಜೂನ್ 15ರಿಂದ ಸೆಪ್ಟೆಂಬರ್ 15ರ ವರೆಗೆ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರ ತನಕ ಬಿಸಿಲಲ್ಲಿ ಹೊರಗೆ ಕೆಲಸ ಮಾಡಿಸಬಾರದು ಅಂತ ಯುಎಇಯಲ್ಲಿ ನಿಯಮವೇ ಉಂಟು. ಈ ನಿಯಮ ಕೆಲಸಕ್ಕೆ ಹೋಗುವ ಹುಡುಗನಿಗೆ ಗೊತ್ತಿರಬೇಕು. ಆದರೆ ಜನವರಿಯ ರಾತ್ರಿ ನಮ್ಮೂರಿನವರಿಗೆ ನಡುಗುವಷ್ಟು ಚಳಿ. ಅಲ್ಲಿನ ಗೋಡೆಯ ಪ್ಲಗ್ಗು ಚಪ್ಪಟೆ ಮೂರು ಕಾಲಿನದ್ದು, ನಮ್ಮ ಗುಂಡು ಪಿನ್ನಿನ ಚಾರ್ಜರು ಹಾಗೇ ಕೂರುವುದಿಲ್ಲ. ಎಲೆಕ್ಟ್ರಿಷಿಯನ್ ಹುಡುಗನಿಗೆ ಇದನ್ನು ನಾವು ಹೇಳಿಕೊಡಬೇಕಾಗಿ ಬಂತು ಅಂತ ಅವನಿಗೇ ನಗು ಬಂತು. ಪವರ್ ಬ್ಯಾಂಕ್ ದೊಡ್ಡ ಪೆಟ್ಟಿಗೆಯಲ್ಲಿ ಹಾಕಬಾರದು, ಕೈಚೀಲದಲ್ಲೇ ಇರಬೇಕು. ಉಪ್ಪಿನಕಾಯಿ, ಎಣ್ಣೆ ಇದಕ್ಕೆ ತಿರುಗಾ, ಕೈಚೀಲದಲ್ಲಿ ಬಿಡುವುದಿಲ್ಲ, ದೊಡ್ಡ ಪೆಟ್ಟಿಗೆಗೆ ಗಟ್ಟಿಯಾಗಿ ಕಟ್ಟಿ ಹಾಕಬೇಕು.

ಕೊಬ್ಬರಿ ತೆಗೆಯಿರಿ ಅಂದಾಗ ಮಾತ್ರ ಅಪ್ಪ ಬಾಯಿಬಿಟ್ಟರು. ಅಷ್ಟು ಹೊತ್ತು ಜಗಲಿಯಲ್ಲಿ ಸುಮ್ಮನೆ ಕೂತಿದ್ದವರು. "ತೆಂಗು ನಮ್ಮದೇ ಮಾಷ್ಟ್ರೇ, ಅದಕ್ಕೆಂತ ದೋಷ?" ಅಂದರು. ಒಣ ಕೊಬ್ಬರಿಯಲ್ಲಿ ಎಣ್ಣೆ ಹೆಚ್ಚು, ಬೆಂಕಿ ಹಿಡಿಯುವ ವಸ್ತು ಅಂತ 2022ರಲ್ಲಿ ವಿಮಾನದ ಸಾಮಾನಿನಿಂದ ಹೊರಗಿಟ್ಟಿದ್ದಾರೆ ಅಂತ ವಿವರಿಸಿದೆವು. ತೆಂಗು ಕಂಗಿನ ಸಂಶೋಧನೆಗೆ ದೇಶದಲ್ಲೇ ಹೆಸರಾದ ಕೇಂದ್ರ ಇರುವ ಜಿಲ್ಲೆಯವರಿಗೆ ಕೊಬ್ಬರಿ ಅಪಾಯದ ಸಾಮಾನು ಅಂತ ಒಪ್ಪಿಸುವುದು ಸುಲಭ ಅಲ್ಲ. ಕೊನೆಗೆ ತೆಗೆದರು, ಮನಸ್ಸಿಲ್ಲದ ಮನಸ್ಸಿನಿಂದ.

ಇಷ್ಟರಲ್ಲಿ ಪಕ್ಕದ ಮನೆಯ ದೊಡ್ಡಮ್ಮ ಬಂದರು. ಈ ಬರಹದ ಮುಖ್ಯ ವಿಷಯ ಇದು.

ಅವರ ಕೈಯಲ್ಲಿ ಪೇಪರು ಸುತ್ತಿ, ಮೇಲೆ ಕಂದು ಬಣ್ಣದ ಟೇಪು ಅಂಟಿಸಿದ ಒಂದು ಪೊಟ್ಟಣ. ಎರಡು ಕಿಲೋ ಇರಬಹುದು. ಮಗ ಶಾರ್ಜಾದಲ್ಲೇ ಇರುವುದು, ಸೊಸೆಯೂ ಈಗ ಅಲ್ಲೇ. "ಇಷ್ಟೇ ಇಷ್ಟು, ಒಂದು ಮೂಲೆಯಲ್ಲಿ ಇಟ್ಟುಬಿಡು ಮಗಾ" ಅಂದರು. ಹುಡುಗ ಎದ್ದು ನಿಂತು ಎರಡೂ ಕೈಯಲ್ಲಿ ತೆಗೆದುಕೊಂಡ. ಸೂಟ್‌ಕೇಸಿನ ಮೂಲೆಯಲ್ಲಿ, ಅಂಗಿಗಳ ಕೆಳಗೆ ಇಟ್ಟ.

ನಾವು ಮುಖ ಮುಖ ನೋಡಿಕೊಂಡೆವು. ಇದರಲ್ಲಿ ಎಂತ ಉಂಟು ಅಂತ ಕೇಳಲೂ ಹಿಂಜರಿಕೆ. ಹುಡುಗನ ಅಮ್ಮ ನಮ್ಮನ್ನು ಅಡುಗೆಮನೆಯ ಕಡೆಗೆ ಕರೆದು ಮೆಲ್ಲಗೆ ಹೇಳಿದರು, "ಬಿಚ್ಚಿ ನೋಡಿದರೆ ಅವರು ಎಂತ ಗ್ರಹಿಸಿಯಾರು ಮಾಷ್ಟ್ರೇ? ಇವನ ಫೀಸಿಗೆ ಎರಡು ಸಲ ದುಡ್ಡು ಕೊಟ್ಟವರು ಅವರು."

ನೋಡಿ, ಕಷ್ಟ ಇರುವುದು ಇಲ್ಲಿ. ಪೊಟ್ಟಣ ಕೊಟ್ಟದ್ದು ಕಳ್ಳಸಾಗಣೆಯವನಲ್ಲ. ಫೀಸು ಕೊಟ್ಟವರು, ಜ್ವರ ಬಂದಾಗ ಗಂಜಿ ತಂದವರು. ಇವರ ಪೊಟ್ಟಣವನ್ನು ಬಿಚ್ಚುವುದು ಅಂದರೆ ನಿಮ್ಮ ಮೇಲೆ ನಂಬಿಕೆ ಇಲ್ಲ ಅಂತ ಬಾಯಿಬಿಟ್ಟು ಹೇಳಿದ ಹಾಗೆ. ನಮ್ಮ ಊರಿನ ಲೆಕ್ಕದಲ್ಲಿ ಅದು ಮರ್ಯಾದೆ ತೆಗೆದಂತೆ. ವಿಮಾನ ನಿಲ್ದಾಣದ ಕಸ್ಟಮ್ಸಿನವನ ಲೆಕ್ಕ ಬೇರೆ. ಪೆಟ್ಟಿಗೆ ಯಾರ ಹೆಸರಿನಲ್ಲಿ ಉಂಟೋ ಸಾಮಾನು ಅವನದ್ದು. ದೊಡ್ಡಮ್ಮ ಕೊಟ್ಟದ್ದು, ನನಗೆ ಗೊತ್ತಿಲ್ಲ ಅಂದರೆ ಅವನ ಕಾಗದದಲ್ಲಿ ಬರೆಯಲು ಅಂಥ ಕಾಲಂ ಇಲ್ಲ.

2019ರಲ್ಲಿ ಮುಂಬೈಯ ಒಂದು ಜೋಡಿ ಕತಾರಿಗೆ ಹೋದದ್ದು ಪತ್ರಿಕೆಗಳಲ್ಲಿ ಬಂದಿತ್ತು, ನೆನಪಿರಬಹುದು. ಹೆಂಡತಿ ಬಸುರಿ. ಹತ್ತಿರದ ಬಂಧುವೇ ಒಂದು ಪೊಟ್ಟಣ ಕೊಟ್ಟು ಇದನ್ನು ಅಲ್ಲಿ ಒಬ್ಬರಿಗೆ ತಲುಪಿಸಿ ಅಂದರಂತೆ. ದೋಹಾದಲ್ಲಿ ಇಳಿದಾಗ ಅದರಲ್ಲಿ ನಾಲ್ಕು ಕಿಲೋ ಚರಸ್. ಹತ್ತು ವರ್ಷ ಶಿಕ್ಷೆ. ಮಗು ಹುಟ್ಟಿದ್ದು ಜೈಲಿನಲ್ಲಿ. ಊರಿನಲ್ಲಿ ತನಿಖೆ ಆಗಿ, ಇವರಿಗೆ ಗೊತ್ತಿರಲಿಲ್ಲ ಅಂತ ಸಾಬೀತಾಗಿ, 2021ರಲ್ಲಿ ಬಿಡುಗಡೆಯಾದರು. ಇವರಿಗೆ ಬಿಡುಗಡೆಯಾದರೂ ಆಯಿತು. ಎಲ್ಲರ ಪರವಾಗಿ ಅಷ್ಟು ಓಡಾಡುವವರು ಸಿಗುವುದಿಲ್ಲ.

ನಮ್ಮ ದೊಡ್ಡಮ್ಮ ಹಾಗಲ್ಲ ಅಂತ ನಮಗೂ ಗೊತ್ತು. ಆದರೆ ಅಪಾಯಕ್ಕೆ ಚರಸೇ ಆಗಬೇಕಾಗಿಲ್ಲ.

ಗಣಿತದ ಟೀಚರೇ ಮುಂದೆ ಬಂದರು. "ದೊಡ್ಡಮ್ಮ, ತೂಕ ಹೆಚ್ಚಾಯಿತು, ಇದನ್ನು ಬಿಡಿಸಿ ಎರಡು ಕಡೆ ಹಂಚಿ ಇಡಬೇಕು. ನೀವೇ ಸ್ವಲ್ಪ ಬಿಚ್ಚಿಕೊಡಿ" ಅಂದರು. ಸುಳ್ಳಲ್ಲ, ತೂಕ ಹೆಚ್ಚು ಇದ್ದದ್ದು ನಿಜವೇ. ದೊಡ್ಡಮ್ಮ ತಾವೇ ಟೇಪು ಹರಿದರು. ಒಳಗೆ ಹಪ್ಪಳ, ಬಾಳೆಹಣ್ಣಿನ ಹಲ್ವ, ಒಂದು ಬಾಟಲಿ ಮಸಾಲೆ ಪುಡಿ, ಮಗನಿಗೆ ಊಟದ ಮೇಲೆ ಹಾಕಲು ಅಡಿಕೆ ಹೋಳು ಮತ್ತು ಒದ್ದೆ ಬಟ್ಟೆಯಲ್ಲಿ ಸುತ್ತಿದ ಹತ್ತು ವೀಳ್ಯದೆಲೆ, ಮತ್ತೆ ಒಂದು ಚಿಕ್ಕ ಕಟ್ಟು ಗಸಗಸೆ. ಸೊಸೆಗೆ ರಾತ್ರಿ ನಿದ್ದೆ ಬರುವುದಿಲ್ಲವಂತೆ, ಪಾಯಸ ಮಾಡಿ ಕುಡಿಯಲಿ ಅಂತ.

ಗಸಗಸೆ ನೋಡಿದ್ದೇ ನಮ್ಮ ಎದೆ ಧಸಕ್ಕೆಂದಿತು. ನಮ್ಮಲ್ಲಿ ದಿನಸಿ ಅಂಗಡಿಯಲ್ಲಿ ಜೀರಿಗೆಯ ಪಕ್ಕ ಇಡುವ ಗಸಗಸೆ ಅಫೀಮಿನ ಗಿಡದ ಬೀಜ. ಯುಎಇಯಲ್ಲಿ, ಸೌದಿಯಲ್ಲಿ ಅದನ್ನು ತರುವುದಕ್ಕೇ ನಿಷೇಧ. ಮಾದಕ ವಸ್ತುವಿನ ಕಾನೂನಿನಲ್ಲಿ ನೋಡುತ್ತಾರೆ. ಅಡುಗೆಗೆ ತಂದದ್ದು ಅಂತ ಹೇಳಿ ಸಿಕ್ಕಿಬಿದ್ದ ಭಾರತೀಯರ ಸುದ್ದಿ ಹಿಂದೆಯೂ ಬಂದದ್ದುಂಟು. ವೀಳ್ಯದೆಲೆ, ಪಾನ್ ಸಾಮಾನು ದುಬೈ ಕಸ್ಟಮ್ಸಿನ ನಿಷೇಧದ ಪಟ್ಟಿಯಲ್ಲೇ ಉಂಟು. ಅಂದರೆ ನಮ್ಮ ಕಾಸರಗೋಡಿನ ಅತಿಥಿ ಸತ್ಕಾರದ ತಟ್ಟೆಯಲ್ಲಿ ಇಡುವುದು ಅಲ್ಲಿಗೆ ಒಯ್ಯಲಿಕ್ಕೇ ಆಗದ್ದು.

"ಗಸಗಸೆಗೂ ಜೈಲಾ?" ಅಂದರು ದೊಡ್ಡಮ್ಮ. ಮೊದಲು ನಂಬಲಿಲ್ಲ. ಆಮೇಲೆ ಹೆದರಿದರು. ಆಮೇಲೆ ಸಿಟ್ಟು ಬಂತು, ಯಾರ ಮೇಲೆ ಅಂತ ಅವರಿಗೂ ಗೊತ್ತಿರಲಿಲ್ಲ. ಮಸಾಲೆ ಪುಡಿಯಲ್ಲಿ ಗಸಗಸೆ ಉಂಟಾ ಅಂತ ಟೀಚರು ಕೇಳಿದಾಗ "ಹುರಿದು ಹಾಕಿದ್ದೇನೆ" ಅಂದರು. ಆ ಬಾಟಲಿಯೂ ಹೊರಗೆ. ಹಪ್ಪಳ ಮತ್ತು ಹಲ್ವ ಮಾತ್ರ ಉಳಿಯಿತು. ಅವರು ಎದ್ದು ಹೋಗುವಾಗ ಹುಡುಗನ ತಲೆ ಮುಟ್ಟಿ ಹೋದರು, ಆದರೆ ಅವನ ಅಮ್ಮನ ಹತ್ತಿರ ಮಾತಾಡಲಿಲ್ಲ. ಹುಡುಗ ಹೊರಟ ದಿನವೂ ಗೇಟಿನ ತನಕ ಮಾತ್ರ ಬಂದರಂತೆ.

ಹಾಗಾಗಿ ನಾವು ಹೇಳುವುದು ಇಷ್ಟು. ಬೇರೆಯವರ ಪೊಟ್ಟಣವನ್ನು ಅವರ ಎದುರೇ ಬಿಚ್ಚಿ, ನೋಡಿ, ತಿರುಗಿ ಕಟ್ಟುವುದನ್ನು ನಮ್ಮ ಊರಿನ ಪದ್ಧತಿ ಮಾಡಬೇಕು. ಒಬ್ಬ ಹುಡುಗ ಮಾಡಿದರೆ ಅದು ಅವಿಶ್ವಾಸ, ಎಲ್ಲರೂ ಮಾಡಿದರೆ ಅದು ಕ್ರಮ. ಮೊದಲೆಲ್ಲ ಮದುವೆಯಲ್ಲಿ ಉಡುಗೊರೆ ಬರೆದಿಡಲು ಒಬ್ಬರನ್ನು ಕೂರಿಸುತ್ತಿರಲಿಲ್ಲವೇ? ಕೊಟ್ಟವರ ಎದುರೇ ಎಣಿಸಿ ಬರೆಯುತ್ತಿದ್ದರು, ಯಾರಿಗೂ ಬೇಸರ ಇರಲಿಲ್ಲ. ಮತ್ತು ಕೊಡುವವರೇ ಮೊದಲು ಬಿಚ್ಚಿ ತೋರಿಸಬೇಕು. ಇಪ್ಪತ್ತೆರಡು ವರ್ಷದ ಹುಡುಗ ಹಿರಿಯರ ಹತ್ತಿರ ಕೇಳಲಾರ. ಕೇಳುವ ಸಂಕಟ ಅವನ ತಲೆಗೆ ಹಾಕಬಾರದು. ಟೇಪು ಅಂಟಿಸಿ ತರುವುದನ್ನು ಬಿಟ್ಟರೆ ಅರ್ಧ ಕೆಲಸ ಆಯಿತು.

ನಮ್ಮ ಸಹೋದ್ಯೋಗಿಯೊಬ್ಬರು ಇದನ್ನು ಒಪ್ಪುವುದಿಲ್ಲ. "ಕೊಂಡುಹೋಗುವುದಿಲ್ಲ ಅಂತ ಒಂದೇ ಮಾತಿನಲ್ಲಿ ಹೇಳಬೇಕು, ಬಿಚ್ಚುವುದೂ ಬೇಡ ಕಟ್ಟುವುದೂ ಬೇಡ" ಅನ್ನುತ್ತಾರೆ. ಕಾನೂನಿನ ಮಟ್ಟಿಗೆ ಅವರು ಹೇಳುವುದೇ ಸರಿ. ಆದರೆ ಮಗನಿಗೆ ಹಪ್ಪಳ ಕಳಿಸಲು ದೊಡ್ಡಮ್ಮನಿಗೆ ಬೇರೆ ದಾರಿ ಇಲ್ಲ, ಪಾರ್ಸೆಲಿನ ಖರ್ಚಿಗೆ ಹಪ್ಪಳ ನೂರು ಕಟ್ಟು ಬರುತ್ತದೆ. ಊರು ಬಿಟ್ಟವನಿಗೂ ಊರಿಗೂ ನಡುವೆ ಈ ಪೊಟ್ಟಣಗಳೇ ಓಡಾಡುವುದು. ಅದನ್ನು ನಿಲ್ಲಿಸಿಬಿಡಿ ಅಂತ ಹೇಳಲು ನಮಗೆ ಬಾಯಿ ಬರುವುದಿಲ್ಲ. ಗುರುತಿಲ್ಲದವರು, ಏಜೆಂಟರು, ನಿಲ್ದಾಣದಲ್ಲಿ ಪರಿಚಯವಾದವರು ಕೊಟ್ಟರೆ ಮಾತ್ರ ಮುಟ್ಟಲೇಬಾರದು. ಅದರಲ್ಲಿ ಎರಡು ಮಾತಿಲ್ಲ.

ಔಷಧದ ವಿಷಯ ಒಂದು ಸಾಲಿನಲ್ಲಿ. ನಮ್ಮಲ್ಲಿ ಸುಲಭವಾಗಿ ಸಿಗುವ ಕೆಲವು ನೋವಿನ ಮಾತ್ರೆ, ಕೊಡೀನ್ ಇರುವ ಕೆಮ್ಮಿನ ಸಿರಪ್, ನಿದ್ದೆಯ ಮಾತ್ರೆ ಅಲ್ಲಿ ಮುಂಚಿತ ಅನುಮತಿ ಇಲ್ಲದೆ ಒಯ್ಯುವಂತಿಲ್ಲ. ಬೇಕೇ ಬೇಕಾದ ಮಾತ್ರೆ ಇದ್ದರೆ ಡಾಕ್ಟರ ಚೀಟಿ ಸಮೇತ, ಮೊದಲೇ ವಿಚಾರಿಸಿ.

ಇನ್ನು ಕಾಗದ. ಹುಡುಗ ನಮ್ಮನ್ನು ಕರೆದದ್ದೇ ಅದಕ್ಕೆ. ಇಲ್ಲಿ ನಮ್ಮ ತಪ್ಪನ್ನೇ ಹೇಳಬೇಕು.

ಕೆಲವು ವರ್ಷಗಳ ಹಿಂದೆ ನಮ್ಮಲ್ಲಿ ಕಲಿತ ಇನ್ನೊಬ್ಬ ಹುಡುಗನ ಹೆಸರನ್ನು ನಾವು ಒಂದನೆಯ ತರಗತಿಯ ದಾಖಲಾತಿಯಲ್ಲಿ ಕನ್ನಡದ ಕಿವಿಯಿಂದ ಕೇಳಿ ಇಂಗ್ಲಿಷಿನಲ್ಲಿ ಬರೆದೆವು. ಆಧಾರಿಗೆ ಅರ್ಜಿ ತುಂಬಿಸಿದವರು ಮಲಯಾಳದ ಕಿವಿಯಿಂದ ಬರೆದರು. ಒಂದರಲ್ಲಿ ಒಂದು 'ಎಚ್' ಹೆಚ್ಚು, ಒಂದರಲ್ಲಿ ಕಡಿಮೆ. ಎಸ್ಸೆಸ್ಸೆಲ್ಸಿಗೆ ಮೊದಲು ವಿವರ ತೋರಿಸಿ ಸಹಿ ಹಾಕಿಸುವಾಗ ಹುಡುಗನೂ ನೋಡಲಿಲ್ಲ, ಮನೆಯವರೂ ನೋಡಲಿಲ್ಲ, ನಾವೂ ಅವಸರ ಮಾಡಿದೆವು. ಪಾಸ್‌ಪೋರ್ಟು, ಸರ್ಟಿಫಿಕೇಟು ಎರಡನ್ನೂ ಒಟ್ಟಿಗೆ ಇಟ್ಟು ನೋಡಿದಾಗ ಅವರಿಗೆ ಇವನು ಇಬ್ಬರಾಗಿ ಕಂಡ. ತಿದ್ದಿಸಿಕೊಳ್ಳುವುದರಲ್ಲಿ ತಿಂಗಳುಗಳು ಹೋದವು, ಆ ಕೆಲಸವೂ ಹೋಯಿತು. ಅವನು ಬಂದು ಒಂದು ಮಾತು ಬೈದಿದ್ದರೆ ನಮಗೆ ಹಗುರವಾಗುತ್ತಿತ್ತು. "ಪರವಾಗಿಲ್ಲ ಸರ್" ಅಂದ.

ಹೆಸರು ಒಂದೇ ಪದ ಇದ್ದರೂ ತೊಂದರೆ. ನಮ್ಮ ಕಡೆ ಮಕ್ಕಳಿಗೆ ಒಂದು ಹೆಸರು, ಹಿಂದೆ ಅಥವಾ ಮುಂದೆ ಒಂದು ಇನಿಶಿಯಲ್, ಅದು ಅಪ್ಪನದ್ದೋ ಮನೆತನದ್ದೋ ಯಾರಿಗೂ ಖಚಿತ ಇಲ್ಲ. 2022ರ ನವೆಂಬರಿನಲ್ಲಿ ಯುಎಇ, ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರು ಇರುವವರಿಗೆ ಭೇಟಿ ವೀಸಾದಲ್ಲಿ ಪ್ರವೇಶ ಇಲ್ಲ ಅಂದಿತು. ಆಮೇಲೆ ಎರಡನೆಯ ಪುಟದಲ್ಲಿ ಅಪ್ಪನ ಹೆಸರೋ ಮನೆತನದ ಹೆಸರೋ ಇದ್ದರೆ ಆಗಬಹುದು ಅಂತ ಸಡಿಲಿಸಿತು. ಆ ವಾರ ನಮಗೆ ಬಂದ ಫೋನುಗಳಿಗೆ ಲೆಕ್ಕ ಇಲ್ಲ. ಈಗ ನಾವು ಒಂದನೆಯ ತರಗತಿಗೆ ಸೇರಿಸುವಾಗಲೇ ಇನಿಶಿಯಲನ್ನು ಬಿಡಿಸಿ ಬರೆಯಿರಿ, ಎಲ್ಲ ಕಡೆ ಒಂದೇ ಕಾಗುಣಿತ ಇರಲಿ ಅಂತ ಹಟ ಹಿಡಿಯುತ್ತೇವೆ. ಆರು ವರ್ಷದ ಮಗುವಿಗೆ ಪಾಸ್‌ಪೋರ್ಟಿನ ಚಿಂತೆ ಯಾಕೆ ಸರ್ ಅಂತ ತಂದೆತಾಯಿ ನಗುತ್ತಾರೆ. ನಗಲಿ.

ಎಸ್ಸೆಸ್ಸೆಲ್ಸಿ ಪುಸ್ತಕಕ್ಕೆ ಇನ್ನೊಂದು ಬೆಲೆ ಉಂಟು, ಇದು ಮಕ್ಕಳಿಗೆ ಗೊತ್ತಿಲ್ಲ. ಹತ್ತನೆಯದು ಪಾಸಾಗದವರ ಪಾಸ್‌ಪೋರ್ಟು 'ಇಸಿಆರ್' ವರ್ಗಕ್ಕೆ ಬರುತ್ತದೆ. ಗಲ್ಫಿನ ದೇಶಗಳಿಗೆ ಕೆಲಸಕ್ಕೆ ಹೋಗಲು ಅವರಿಗೆ ಸರಕಾರದ ಬೇರೆ ಅನುಮತಿ ಬೇಕು, 1983ರ ವಲಸೆ ಕಾಯ್ದೆಯ ಪ್ರಕಾರ. ಪಾಸಾದವರಿಗೆ ಅದು ಬೇಡ. ಕನ್ನಡ ಮಾಧ್ಯಮದಲ್ಲಿ ಪಾಸಾದರೂ ಅಷ್ಟೇ, ಇಂಗ್ಲಿಷಿನಲ್ಲಿ ಪಾಸಾದರೂ ಅಷ್ಟೇ. ಅರ್ಧದಲ್ಲಿ ಶಾಲೆ ಬಿಟ್ಟು ಪೈಂಟಿಂಗ್ ಕೆಲಸಕ್ಕೆ ಹೋಗುತ್ತೇನೆ ಅನ್ನುವ ಹುಡುಗರಿಗೆ ನಾವು ನೀತಿಬೋಧೆ ಮಾಡುವುದನ್ನು ನಿಲ್ಲಿಸಿ ಈಗ ಇದನ್ನೇ ಹೇಳುತ್ತೇವೆ. ಒಂದಿಬ್ಬರು ವಾಪಸು ಬಂದು ಕೂತಿದ್ದಾರೆ.

ಅಸಲು ಕಾಗದಗಳು ಕೈಚೀಲದಲ್ಲಿ, ನಕಲು ದೊಡ್ಡ ಪೆಟ್ಟಿಗೆಯಲ್ಲಿ, ಇನ್ನೊಂದು ನಕಲು ಮನೆಯ ಕಪಾಟಿನಲ್ಲಿ, ಫೋಟೋ ಫೋನಿನಲ್ಲಿ. ಕೆಲಸದ ಒಪ್ಪಂದದ ಪ್ರತಿ ಮನೆಯಲ್ಲಿ ಒಂದು ಇರಲೇಬೇಕು. ಪಾಸ್‌ಪೋರ್ಟನ್ನು ಕಂಪೆನಿಯವರು ತೆಗೆದಿಟ್ಟುಕೊಳ್ಳುವುದು ಯುಎಇಯಲ್ಲೂ ಕಾನೂನಿಗೆ ವಿರುದ್ಧ ಅಂತ ಹುಡುಗನಿಗೆ ಹೇಳಿದೆವು. ಆಗುವುದಿಲ್ಲ ಅಂತಲ್ಲ, ಆಗುತ್ತದೆ. ತಪ್ಪು ಅಂತ ಗೊತ್ತಿದ್ದರೆ ಕೇಳಲಿಕ್ಕಾದರೂ ಬರುತ್ತದೆ. ಭಾರತದ ದೂತಾವಾಸದ ಸಹಾಯವಾಣಿಯ ನಂಬರು, ಮನೆಯ ನಂಬರು ಎರಡನ್ನೂ ಕಾಗದದಲ್ಲಿ ಬರೆಸಿದೆವು. ಫೋನು ಕಳೆದುಹೋದರೆ ಈಗಿನ ಮಕ್ಕಳಿಗೆ ಅಮ್ಮನ ನಂಬರೂ ಬಾಯಿಗೆ ಬರುವುದಿಲ್ಲ.

ಇಲ್ಲಿ ಒಂದು ಮಾತು. ಅಂದು ಚಾವಡಿಯಲ್ಲಿದ್ದ ಒಬ್ಬರು, ಗಲ್ಫಿನಲ್ಲಿ ಹದಿನೈದು ವರ್ಷ ಇದ್ದು ಬಂದವರು, ಹುಡುಗನಿಗೆ ಬುದ್ಧಿ ಹೇಳಿದರು, "ಅಲ್ಲಿ ಹೋಗಿ ಕನ್ನಡ ಮೀಡಿಯಂ ಅಂತೆಲ್ಲ ಹೇಳ್ಬೇಡ ಮಾರಾಯ." ನಮ್ಮ ಎದುರೇ. ಅವರ ಮನಸ್ಸಿನಲ್ಲಿ ಕೆಟ್ಟದ್ದಿರಲಿಲ್ಲ. ಹುಡುಗ ನಮ್ಮ ಮುಖ ನೋಡಿದ.

ನಾವು ಅಲ್ಲಿ ವಾದ ಮಾಡಲಿಲ್ಲ, ಇಲ್ಲಿ ಹೇಳುತ್ತೇವೆ. ಅವರ ಮಾತಿನಲ್ಲಿ ಒಂದು ಪಾಲು ನಿಜ ಉಂಟು. ಟಿಕೆಟಿನ ಮೇಲಿನ ಇಂಗ್ಲಿಷ್ ಸಾಲನ್ನು ಅವನು ಓದಿರಲಿಲ್ಲ, ಒಪ್ಪಂದದ ಎರಡನೆಯ ಪುಟ ಅವನಿಗೆ ಅರ್ಥವಾಗಿರಲಿಲ್ಲ. ಹತ್ತು ವರ್ಷ ಇಂಗ್ಲಿಷ್ ಪುಸ್ತಕ ಓದಿಸಿ ಒಂದು ಅರ್ಜಿ, ಒಂದು ಟಿಕೆಟು ಓದಲು ಕಲಿಸದಿದ್ದರೆ ಅದು ನಮ್ಮ ಕೊರತೆ, ಕನ್ನಡದ್ದಲ್ಲ. ಇನ್ನೊಂದು ಪಾಲು ನೋಡಿ. ಆ ಹುಡುಗ ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ, ಗೆಳೆಯರ ಹತ್ತಿರ ಬ್ಯಾರಿ ಭಾಷೆ ಮಾತಾಡುವವನು. ಹಿಂದಿ ಸಿನಿಮಾದಿಂದ ಬಂದದ್ದು ಬೇರೆ. ಶಾರ್ಜಾದ ಕೆಲಸದ ಜಾಗದಲ್ಲಿ ದಿನ ಹೋಗುವುದು ಹಿಂದಿ, ಮಲಯಾಳ, ಸ್ವಲ್ಪ ಅರಬಿ, ಸ್ವಲ್ಪ ಇಂಗ್ಲಿಷಿನಲ್ಲಿ. ಇನ್ನೊಂದು ಭಾಷೆಯನ್ನು ಕಿವಿಯಿಂದ ಹಿಡಿಯುವ ಅಭ್ಯಾಸ ನಮ್ಮ ಮಕ್ಕಳಿಗೆ ಇದ್ದಷ್ಟು ಯಾರಿಗುಂಟು? ಮಗ ಗಲ್ಫಿಗೆ ಹೋಗುವವನು, ಅವನಿಗೆ ಕನ್ನಡ ಯಾಕೆ ಅಂತ ಹೇಳಿ ಒಂದನೆಯ ತರಗತಿಯಲ್ಲೇ ನಮ್ಮ ಶಾಲೆಯಿಂದ ಟಿ.ಸಿ. ತೆಗೆಯುವವರು ಪ್ರತಿ ಜೂನಿನಲ್ಲೂ ಬರುತ್ತಾರೆ. ಕನ್ನಡವನ್ನು ತೆಗೆದು ಆ ಜಾಗದಲ್ಲಿ ಎಂತ ತುಂಬಿಸಿದಿರಿ ಅಂತ ಹತ್ತು ವರ್ಷ ಕಳೆದ ಮೇಲೆ ಅವರನ್ನು ಕೇಳಬೇಕು ಅನಿಸುತ್ತದೆ. ಕೇಳುವುದಿಲ್ಲ, ಊರಿನವರಲ್ಲವೇ.

ಈ ಜೂನಿನಲ್ಲಿ ಶಾಲೆ ತೆರೆದ ಮೇಲೆ ಹತ್ತನೆಯ ತರಗತಿಯಲ್ಲಿ ಒಂದು ಪೀರಿಯಡ್ ನಾವು ಇದಕ್ಕೆ ಕೊಟ್ಟೆವು. ಬೋರ್ಡಿನ ಮೇಲೆ 20 ಕಿಲೋ ಅಂತ ಬರೆದು, ನೀವು ನೋಡದ ಒಂದು ದೇಶಕ್ಕೆ ಹೋಗುತ್ತೀರಿ, ಪೆಟ್ಟಿಗೆಗೆ ಹಾಕುವುದರ ಪಟ್ಟಿ ಮಾಡಿ, ಪ್ರತಿಯೊಂದರ ಎದುರು ತೂಕ ಬರೆಯಿರಿ ಅಂದೆವು. ಪಟ್ಟಿ ಕನ್ನಡದಲ್ಲಿ, ಪೆಟ್ಟಿಗೆಯ ಮೇಲಿನ ಹೆಸರು ವಿಳಾಸ ಇಂಗ್ಲಿಷಿನಲ್ಲಿ. ಒಬ್ಬ ಕ್ರಿಕೆಟ್ ಬ್ಯಾಟು ಬರೆದ, ಒಂದು ಕಿಲೋ ಇನ್ನೂರು ಗ್ರಾಂ ಅಂತ ಸರಿಯಾಗಿ. ಒಬ್ಬಳು ಅಮ್ಮನ ಹಳೆಯ ಸೀರೆ ಒಂದು ಅಂತ ಬರೆದು ಎದುರು ತೂಕ ಹಾಕದೆ ಬಿಟ್ಟಿದ್ದಳು. ಸೂಟ್‌ಕೇಸಿನದ್ದೇ ತೂಕ ಮೂರು ನಾಲ್ಕು ಕಿಲೋ ಆಗುತ್ತದೆ ಅಂತ ಲೆಕ್ಕಕ್ಕೆ ತೆಗೆದುಕೊಂಡವರು ಮೂವತ್ತೊಂದರಲ್ಲಿ ಇಬ್ಬರು. ಆಮೇಲೆ ನಾವು ಮೇಜಿನ ಕೆಳಗಿನಿಂದ ಟೇಪು ಅಂಟಿಸಿದ ಒಂದು ಪೊಟ್ಟಣ ತೆಗೆದು, ಇದು ನನ್ನ ಮಗನಿಗೆ, ಕೊಂಡುಹೋಗ್ತೀರಾ ಅಂದೆವು. ಇಡೀ ತರಗತಿ ಹೂಂ ಅಂದಿತು. ಟೀಚರಿಗೆ ಇಲ್ಲ ಅನ್ನುವುದು ಹೇಗೆ?

ಮೂರು ದಿನ ಬಿಟ್ಟು ಅದೇ ಪೊಟ್ಟಣವನ್ನು ತಿರುಗಾ ತೆಗೆದಾಗ ಹಿಂದಿನ ಬೆಂಚಿನಿಂದ ಒಬ್ಬ ಎದ್ದು, "ಬಿಚ್ಚಿ ತೋರಿಸಿ ಟೀಚರ್" ಅಂದ. ತರಗತಿ ನಕ್ಕಿತು, ಅವನು ಕೂರಲಿಲ್ಲ. ಒಳಗೆ ಚಾಕ್ ಪೀಸಿನ ಡಬ್ಬಿ ಇತ್ತು. ಬೇರೆ ಕನ್ನಡ ಶಾಲೆಯವರೂ ಇದನ್ನು ಒಮ್ಮೆ ಮಾಡಿ ನೋಡಬಹುದು, ಖರ್ಚಿಲ್ಲ.

ನೀಲಿ ಸೂಟ್‌ಕೇಸು ಕೊನೆಗೆ 19 ಕಿಲೋ ಚಿಲ್ಲರೆಗೆ ನಿಂತಿತು. ತಲುಪುವಾಗ ಒಂದು ಚಕ್ರ ಮುರಿದಿತ್ತಂತೆ, ಬೇರೆ ಎಂತ ಆಗಲಿಲ್ಲ. ಹಪ್ಪಳ ಅರ್ಧ ಪುಡಿಯಾಗಿತ್ತು, ದೊಡ್ಡಮ್ಮನ ಮಗ ಬಂದು ಅದನ್ನೂ ತೆಗೆದುಕೊಂಡು ಹೋದನಂತೆ. ಗಸಗಸೆಯ ವಿಷಯ ಹುಡುಗ ಹೇಳಿದ ಮೇಲೆ ಅವನು ಊರಿಗೆ ಫೋನ್ ಮಾಡಿ ಅಮ್ಮನಿಗೆ ಸರೀ ಬೈದನಂತೆ. ಈಗ ಎರಡು ಮನೆಗಳ ನಡುವೆ ಮಾತು ಉಂಟು, ಮೊದಲಿನಷ್ಟು ಇಲ್ಲ. ಗಸಗಸೆ ದೊಡ್ಡಮ್ಮನ ಅಡುಗೆಮನೆಯ ಡಬ್ಬಿಯಲ್ಲೇ ಉಂಟು. ಡಿಸೆಂಬರಿನಲ್ಲಿ ಮಗ, ಸೊಸೆ ರಜೆಯಲ್ಲಿ ಬರುವಾಗ ಪಾಯಸ ಮಾಡುತ್ತಾರಂತೆ, ನಮಗೂ ಬರಲು ಹೇಳಿದ್ದಾರೆ.